ಅತ್ತೆಗೆ ಯಾವ ಗೋದಾವರಿ?

ಈ ಊರಿನಲ್ಲಿ ಮನೆ ಮಾಡಿರುವ ಕನ್ನಡಿಗರಿಗೆಲ್ಲ ನೆಂಟರು ಬಂದಾಗ ಎದುರಾಗುವ ಪ್ರಶ್ನೆ ಒಂದೇ. ವೇರೂಳ, ಅಜಂತಾ ತೋರಿಸಿಯಾದ ಮೇಲೆ ಒಂದು ದಿನ ಉಳಿಯುತ್ತದೆ. ಗೋದಾವರಿ ನೋಡಬೇಕು ಅಂತಾರೆ. ನಾಸಿಕಕ್ಕೆ ಕರೆದೊಯ್ಯಬೇಕೋ, ಪೈಠಣಕ್ಕೋ? ನಾನು ಬಂದಾಗ ಔರಂಗಾಬಾದ್ ಆಗಿದ್ದ ಊರು 2023ರಲ್ಲಿ ಛತ್ರಪತಿ ಸಂಭಾಜಿನಗರವಾಯಿತು. ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.

ಹೊಸಪೇಟೆಯಿಂದ ಬಂದಿದ್ದ ನಮ್ಮ ಸೋದರತ್ತೆಗೆ ಅನುಮಾನವೇ ಇರಲಿಲ್ಲ. "ರಾಮದೇವರು ಇದ್ದ ಜಾಗ ಬಿಟ್ಟು ಆ ಪೈಠಣದಾಗ ಏನೈತಪ್ಪಾ ನೋಡಾಕ?" ಅಂದರು. ಎಪ್ಪತ್ತು ದಾಟಿದ ಜೀವ, ಮೊಣಕಾಲು ನೋವು. ಮತ್ತೊಮ್ಮೆ ಇಷ್ಟು ದೂರ ಬರುತ್ತಾರೆಂಬ ಭರವಸೆ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಹಾಗಾಗಿ ಉತ್ತರವನ್ನು ಯೋಚಿಸಿಯೇ ಹೇಳಬೇಕಾಗಿತ್ತು.

ನಾಸಿಕದ ಪಾಲಿಗೆ ಹೇಳುವುದು ಬೇಕಾದಷ್ಟಿದೆ. ಪಂಚವಟಿ, ರಾಮಕುಂಡ, ಹನ್ನೆರಡು ವರ್ಷಕ್ಕೊಮ್ಮೆ ಸಿಂಹಸ್ಥ ಕುಂಭಮೇಳ. ಕಪ್ಪು ಕಲ್ಲಿನ ಕಾಳಾರಾಮ ಮಂದಿರದ ಬಾಗಿಲಲ್ಲಿ 1930ರ ಮಾರ್ಚ್ 2ರಂದು ಅಂಬೇಡ್ಕರರ ನೇತೃತ್ವದಲ್ಲಿ ದಲಿತರ ಪ್ರವೇಶಕ್ಕಾಗಿ ಸತ್ಯಾಗ್ರಹ ಶುರುವಾಯಿತು. ಊರಾಚೆಯ ಪಾಂಡವಲೇಣಿ ಗುಹೆಯಲ್ಲಿ ಗೌತಮಿ ಬಲಶ್ರೀ ಎಂಬ ರಾಜಮಾತೆಯ ಶಾಸನವಿದೆ. ಮೊಮ್ಮಗ ಪುಳುಮಾವಿಯ 19ನೆಯ ಆಳ್ವಿಕೆ ವರ್ಷದಲ್ಲಿ ಆಕೆ ತನ್ನ ಮಗ ಗೌತಮೀಪುತ್ರ ಸಾತಕರ್ಣಿಯ ಪರಾಕ್ರಮವನ್ನು ಬರೆಸಿದಳು. 1906ರಲ್ಲಿ ನಾಸಿಕ ಜಿಲ್ಲೆಯ ಜೋಗಲ್ತೆಂಬಿಯಲ್ಲಿ 13 ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯ ಸಿಕ್ಕವು. ಶಕರ ನಹಪಾನನ ಈ ನಾಣ್ಯಗಳಲ್ಲಿ ಹೆಚ್ಚಿನವುಗಳ ಮೇಲೆ ಸಾತಕರ್ಣಿ ತನ್ನ ಮುದ್ರೆ ಒತ್ತಿಸಿದ್ದ. ಗೆಲುವಿಗೆ ಇದಕ್ಕಿಂತ ಸಾಕ್ಷಿ ಬೇಕೆ?

ಆದರೆ ಈ ಶಾತವಾಹನರ ರಾಜಧಾನಿ ಪ್ರತಿಷ್ಠಾನ, ಅಂದರೆ ಪೈಠಣ. ಮೊದಲನೆಯ ಶತಮಾನದ ಗ್ರೀಕ್ ನಾವಿಕನೊಬ್ಬನ ಬರಹದಲ್ಲಿ ಇದು ಭರೂಚ್ ಬಂದರಿನಿಂದ ದಕ್ಷಿಣಕ್ಕೆ ಇಪ್ಪತ್ತು ದಿನದ ದಾರಿ. ಇಲ್ಲಿಂದ ಗಾಡಿಗಳಲ್ಲಿ ಬೆಲೆಬಾಳುವ ಕಲ್ಲು ಬಂದರಿಗೆ ಹೋಗುತ್ತಿತ್ತು. ಇಂದು ಅಂಥ ಊರು ಕಣ್ಣಿಗೆ ಕಾಣುವುದಿಲ್ಲ. ಮಣ್ಣಿನ ದಿಬ್ಬಗಳಿವೆ, ಕಿರಿದಾದ ಬೀದಿಗಳಿವೆ. ಪೈಠಣಿ ಸೀರೆಗೆ ಹೆಸರು ಕೊಟ್ಟದ್ದು ಈ ಊರಾದರೂ ಅದರ ಮಗ್ಗಗಳು ಹೆಚ್ಚಾಗಿ ಸದ್ದು ಮಾಡುವುದು ನಾಸಿಕ ಜಿಲ್ಲೆಯ ಯೇವಲೆಯಲ್ಲಿ!

ಹಾಗಿದ್ದರೂ ನಾನು ಪೈಠಣವನ್ನೇ ಹಿಡಿದೆ. 50 ಕಿಲೋಮೀಟರ್ ಹತ್ತಿರ ಎನ್ನುವುದು ಒಂದು ಕಾರಣ, ಅಷ್ಟೆ. ಹೊಸಪೇಟೆಯವರಿಗೆ ಅದು ಪರಊರಲ್ಲ ಎನ್ನುವುದೇ ದೊಡ್ಡ ಕಾರಣ. ಹಿರೇಹಡಗಲಿಯಲ್ಲಿ ಸಿಕ್ಕ ಪಲ್ಲವರ ತಾಮ್ರಪಟ ನಮ್ಮ ಆ ಸೀಮೆಯನ್ನು 'ಸಾತಾಹನಿ ರಟ್ಠ' ಎಂದು ಕರೆಯುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡನಾಡಿನ ಬಡಗಣ ಎಲ್ಲೆಯಾಗಿ ಹೇಳುವುದು ಇದೇ ಗೋದಾವರಿಯನ್ನು. ಇನ್ನು ಸಂತ ಏಕನಾಥರ (1533–1599) ಮುತ್ತಜ್ಜ ಭಾನುದಾಸರು ವಿಜಯನಗರಕ್ಕೆ ಹೋಗಿ, ರಾಯರು ಒಯ್ದಿದ್ದ ವಿಠ್ಠಲನನ್ನು ಪಂಢರಪುರಕ್ಕೆ ಮರಳಿ ತಂದರು ಎಂಬುದು ವಾರಕರಿಗಳ ನಂಬಿಕೆ. ಇತಿಹಾಸವೆಂದು ನಾನು ವಾದಿಸುವುದಿಲ್ಲ. ಆದರೆ ಹಂಪಿಯ ವಿಠ್ಠಲ ಗುಡಿಯಲ್ಲಿ ಮೂರ್ತಿಯಿಲ್ಲದ ಗರ್ಭಗುಡಿ ನೋಡಿಯೇ ಬೆಳೆದ ಅತ್ತೆಗೆ ಏಕನಾಥರ ಸಮಾಧಿಯ ಹತ್ತಿರ ಈ ಕಥೆ ಹೇಳಿದಾಗ ಅವರು ಸುಮ್ಮನಾದರು. ಆಮೇಲೆ, "ಹಂಗಾರ ನಮ್ಮ ಗುಡಿಯ ದೇವರನ್ನ ಒಯ್ದೋರು ಇವರ ಮನಿಯೋರು" ಅಂದರು. ಸಿಟ್ಟಿನಿಂದಲ್ಲ, ಬೀಗರ ಮನೆ ಸಿಕ್ಕವರಂತೆ.

ಊರಿನ ಮೇಲ್ಗಡೆ ಜಾಯಕವಾಡಿ ಅಣೆಕಟ್ಟು. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು, 1976ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಅದರ ಜಲಾಶಯಕ್ಕೆ ಏಕನಾಥರ ನೆನಪಿನಲ್ಲಿ ನಾಥಸಾಗರ ಎಂದು ಹೆಸರು. ಅದು ತುಂಬಬೇಕಾದರೆ ನಾಸಿಕದ ಕಡೆ ಮಳೆಯಾಗಬೇಕು, ಅಲ್ಲಿನ ಅಣೆಕಟ್ಟುಗಳು ನೀರು ಬಿಡಬೇಕು. ಮಳೆ ಕಡಿಮೆಯಾದ ವರ್ಷ ಎರಡೂ ಕಡೆಯವರು ಜಗಳಕ್ಕೆ ನಿಲ್ಲುತ್ತಾರೆ. ಇಡೀ ಕಣಿವೆಯಲ್ಲಿ ಕೊರತೆಯನ್ನು ಸಮನಾಗಿ ಹಂಚಿಕೊಳ್ಳಬೇಕೆಂದು 2005ರ ಕಾಯ್ದೆ ಹೇಳಿತು; 2016ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತುಂಗಭದ್ರಾ ಕಾಲುವೆಯ ಮೇಲ್ಭಾಗದವರು, ಕೊನೆಭಾಗದವರು ಅಂದರೆ ಏನೆಂದು ಅತ್ತೆಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ನಿಮ್ಮ ಮನೆಗೂ ನೆಂಟರು ಬಂದರೆ ಹೀಗೆ ಮಾಡಿ. ಎರಡು ದಿನವಿದ್ದರೆ ನಾಸಿಕಕ್ಕೆ ಹೋಗಿ, ಬಲಶ್ರೀಯ ಶಾಸನ ನೋಡದೆ ಬರಬೇಡಿ. ಒಂದೇ ದಿನವಿದ್ದರೆ ಪೈಠಣ. ನಾಸಿಕದ ಹೊಳೆ ನಮ್ಮನ್ನು ಯಾತ್ರಿಕರನ್ನಾಗಿ ಬರಮಾಡಿಕೊಳ್ಳುತ್ತದೆ. ಪೈಠಣದ ಹೊಳೆ, ದೂರದಲ್ಲಿ ಬದುಕುವ ನಮಗೆ, ನೀವು ಹೊರಗಿನವರಲ್ಲ ಎನ್ನುತ್ತದೆ.