ಬಿಸಿಯೇರುವ ಭೂಮಿಯಲ್ಲಿ ಆರ್ಕಿಡ್‌ಗಳ ನೆಲೆ

ಜಗತ್ತಿನಲ್ಲಿ ಸುಮಾರು 28,000 ಬಗೆಯ ಆರ್ಕಿಡ್‌ಗಳಿವೆ. ಹವಾಮಾನ ಬದಲಾದರೆ ಇವುಗಳಲ್ಲಿ ಯಾವುವು ಇದ್ದಲ್ಲೇ ಉಳಿದಾವು, ಯಾವುವು ಎಲ್ಲಿಗೆ ಸರಿದಾವು? ಈ ಪ್ರಶ್ನೆ ಹೊಸದಲ್ಲ. ಮೊದಮೊದಲು ಸಂಶೋಧಕರು ಚಳಿ, ಮಳೆ, ಬಿಸಿಲುಗಳ ಲೆಕ್ಕದಲ್ಲೇ ಉತ್ತರ ಹುಡುಕಿದರು. ಆರ್ಕಿಡ್ ಒಂಟಿಯಾಗಿ ಬಾಳುವ ಗಿಡವಲ್ಲ, ಅದು ಸರಿಯಬೇಕಾದರೆ ಅದರ ಸಂಗಾತಿಗಳೂ ಜೊತೆಗಿರಬೇಕು ಎಂಬ ಅರಿವು ಈ ಲೆಕ್ಕದೊಳಗೆ ಬಂದದ್ದು ನಿಧಾನವಾಗಿ.

1936ರಲ್ಲಿ ಬ್ರಿಟಿಷ್ ಸಸ್ಯವಿಜ್ಞಾನಿ ರೊನಾಲ್ಡ್ ಗುಡ್ ಅವರು ಲಿಜರ್ಡ್ ಆರ್ಕಿಡ್ ಹಬ್ಬಿರುವ ಪ್ರದೇಶಗಳ ಬಗ್ಗೆ ಪ್ರಬಂಧ ಬರೆದರು. ಹಲ್ಲಿಯ ಬಾಲದಂತೆ ಉದ್ದ ತುಟಿ ಚಾಚುವ ಈ ಹೂವು 20ನೇ ಶತಮಾನದ ಆರಂಭದಲ್ಲಿ ಬ್ರಿಟನ್‌ನಿಂದ ಮರೆಯಾಗುವ ಸ್ಥಿತಿಯಲ್ಲಿತ್ತು. ಆಮೇಲೆ ದಕ್ಷಿಣ ಇಂಗ್ಲೆಂಡಿನ ಹೊಸಹೊಸ ಜಾಗಗಳಲ್ಲಿ ಕಾಣತೊಡಗಿತು. ಹವಾಮಾನ ಬದಲಾದದ್ದೇ ಇದಕ್ಕೆ ಕಾರಣ ಎಂದರು ಗುಡ್. ಶರತ್ಕಾಲದಲ್ಲಿ ಎಲೆ ಬಿಟ್ಟು ಚಳಿಗಾಲವಿಡೀ ಹಸಿರಾಗಿರುವ ಗಿಡಕ್ಕೆ ಚಳಿ ತಗ್ಗಿದರೆ ಅನುಕೂಲವೇ. 1994ರಲ್ಲಿ ಕೇರಿ ಮತ್ತು ಬ್ರೌನ್ ಅದೇ ಆರ್ಕಿಡ್‌ ಅನ್ನು ಎತ್ತಿಕೊಂಡು, ಮುಂದೆ ಯಾವ ತಾಣಗಳು ಅದಕ್ಕೆ ಒಗ್ಗಬಹುದೆಂದು ಕಂಪ್ಯೂಟರ್ ನಕ್ಷೆಯಲ್ಲಿ ಗುರುತಿಸಿದರು.

2006ರಲ್ಲಿ ಪ್ರಕಟವಾದ 'ಮ್ಯಾಕ್ಸೆಂಟ್' ವಿಧಾನ ಈ ಕೆಲಸಕ್ಕೆ ವೇಗ ಕೊಟ್ಟಿತು. ಗಿಡ ಎಲ್ಲಿಲ್ಲ ಎಂಬ ಮಾಹಿತಿ ಅದಕ್ಕೆ ಬೇಕಿಲ್ಲ. ಎಲ್ಲಿ ಕಂಡಿದೆ ಎಂಬುದಷ್ಟೇ ಸಾಕು. ಹರ್ಬೇರಿಯಂಗಳಲ್ಲಿ ಒಣಗಿಸಿಟ್ಟ ಮಾದರಿಗಳ ಮೇಲಿನ ಊರು, ತಾರೀಖುಗಳಿಗೆ ಹೊಸ ಬೆಲೆ ಬಂತು.

ಆದರೆ ಹವೆ ಒಗ್ಗಿದ ಮಾತ್ರಕ್ಕೆ ಆರ್ಕಿಡ್ ನೆಲೆ ನಿಲ್ಲುವುದಿಲ್ಲ. ದೂಳಿನಷ್ಟು ಸಣ್ಣದಾದ ಅದರ ಬೀಜ ಗಾಳಿಯಲ್ಲಿ ಬಹುದೂರ ಹೋಗಬಲ್ಲದು. ಮೊಳಕೆಗೆ ಬೇಕಾದ ಆಹಾರ ಮಾತ್ರ ಅದರೊಳಗಿಲ್ಲ. ಬಿದ್ದ ಜಾಗದಲ್ಲಿ ತಕ್ಕ ಶಿಲೀಂಧ್ರ ಸಿಕ್ಕರಷ್ಟೇ ಅದು ಸಸಿಯಾದೀತು. ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲೇ ಕಂಡುಕೊಂಡ ಸತ್ಯವಿದು. ಹವಾಮಾನದ ನಕ್ಷೆಗಳಲ್ಲಿ ಶಿಲೀಂಧ್ರಕ್ಕೆ ಬಹುಕಾಲ ಜಾಗವೇ ಇರಲಿಲ್ಲ.

ಕೀಟದ ಕಥೆ ಇನ್ನೂ ಸೂಕ್ಷ್ಮ. ಇಂಗ್ಲೆಂಡಿನ ಅರ್ಲಿ ಸ್ಪೈಡರ್ ಆರ್ಕಿಡ್ ಹೆಣ್ಣು ದುಂಬಿಯ ವಾಸನೆಯನ್ನೇ ಹೋಲುವ ವಾಸನೆ ಬೀರಿ, ನೆಲದಲ್ಲಿ ಗೂಡು ಮಾಡುವ ಆಂಡ್ರಿನಾ ಜಾತಿಯ ಗಂಡು ದುಂಬಿಗಳನ್ನು ಸೆಳೆಯುತ್ತದೆ. ಗಂಡು ಹೊರಬಂದ ಮೇಲೆ, ಹೆಣ್ಣು ಹೊರಬರುವ ಮುನ್ನ ಸಿಗುವ ಕೆಲವೇ ದಿನ ಈ ಹೂವಿನ ಸುಗ್ಗಿ. ಕ್ಯಾರೆನ್ ರಾಬರ್ಟ್ ಮತ್ತು ಸಂಗಡಿಗರು 1848ರಿಂದ 1958ರವರೆಗಿನ 77 ಹರ್ಬೇರಿಯಂ ಮಾದರಿಗಳನ್ನು ಪರಿಶೀಲಿಸಿ, ವಸಂತದ ಸರಾಸರಿ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಹೂವು ಸುಮಾರು ಆರು ದಿನ ಮೊದಲೇ ಅರಳುತ್ತದೆ ಎಂದು 2011ರಲ್ಲಿ ತೋರಿಸಿದರು. 1975ರಿಂದ 2006ರವರೆಗೆ ಬಯಲಿನಲ್ಲೇ ಬರೆದಿಟ್ಟ ದಾಖಲೆಯೂ ಅದನ್ನೇ ಹೇಳಿತು. 2014ರ ಅಧ್ಯಯನದಲ್ಲಿ ಆತಂಕದ ಸಂಗತಿ ಹೊರಬಿತ್ತು: ಅಷ್ಟೇ ಬಿಸಿಗೆ ಗಂಡು ದುಂಬಿ ಸುಮಾರು ಒಂಬತ್ತು ದಿನ, ಹೆಣ್ಣು ಸುಮಾರು ಹದಿನೈದು ದಿನ ಮೊದಲೇ ಹೊರಬರುತ್ತದೆ. ನಿಜವಾದ ಹೆಣ್ಣು ಎದುರಿಗಿರುವಾಗ ಗಂಡು ಹೂವಿನತ್ತ ಬರುವುದು ಕಷ್ಟ. ಗಿಡ ನಿಂತ ಜಾಗ ಅದೇ, ಹವೆಯೂ ಸಹಿಸುವಷ್ಟೇ. ಆದರೂ ಬೀಜ ಕಟ್ಟುವುದು ಕಡಿಮೆಯಾಗಬಹುದು.

ನಕ್ಷೆಯ ಊಹೆಯನ್ನು ನೆಲದ ಮೇಲೆ ಒರೆಗೆ ಹಚ್ಚಿದ ಮಹತ್ವದ ಅಧ್ಯಯನ 2020ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್'ನಲ್ಲಿ ಪ್ರಕಟವಾಯಿತು. ಆಲ್ಪ್ಸ್‌ನ ಆರ್ಕಿಡ್ ಪ್ರಭೇದಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನ ಮೂರು ದಶಕಗಳ ಬದಲಾವಣೆಯನ್ನು ಅದು ಅಳೆಯಿತು. ಬಿಸಿಯನ್ನು ತುಂಬ ಇಷ್ಟಪಡುವವು ಮತ್ತು ಜೌಗಿನ ಬಗೆಗಳನ್ನು ಬಿಟ್ಟರೆ ಉಳಿದವುಗಳ ಸಂಖ್ಯೆ ಇಳಿದಿತ್ತು. ಅರ್ಧಕ್ಕಿಂತ ಹೆಚ್ಚು ಪ್ರಭೇದಗಳು ಏರುವ ಬಿಸಿಯ ವೇಗಕ್ಕೆ ಸಮನಾಗಿ ಸರಿದಿರಲಿಲ್ಲ.

ಹಾಗಾದರೆ ನಾವೇ ಅವನ್ನು ಮೇಲಕ್ಕೆ ಒಯ್ಯಬಹುದೇ? ಚೀನಾದ ಗುವಾಂಗ್‌ಕ್ಸಿಯಲ್ಲಿ ಲಾಂಗ್‌ಟಾನ್ ಅಣೆಕಟ್ಟೆಯ ನೀರಿನಲ್ಲಿ ಮುಳುಗಲಿದ್ದ 29 ಪ್ರಭೇದಗಳ ಸುಮಾರು ಸಾವಿರ ಆರ್ಕಿಡ್‌ಗಳನ್ನು 2006ರಲ್ಲಿ ಯಾಚಾಂಗ್ ಮೀಸಲು ಪ್ರದೇಶದ ಎತ್ತರದ ಜಾಗಗಳಲ್ಲಿ ನೆಟ್ಟರು. 2008ರ ಕಡುಚಳಿಯನ್ನೂ ದಾಟಿ ಹಲವು ಉಳಿದವು. ಎಲ್ಲ ಪ್ರಭೇದಗಳಿಗೂ ಅದು ಸಾಧ್ಯವಾಗಲಿಲ್ಲ.

ಪಶ್ಚಿಮ ಘಟ್ಟದವರಾದ ನಮಗೆ ಈ ಅಧ್ಯಯನಗಳು ದೂರದ ಸುದ್ದಿಯಲ್ಲ. ಮಲೆನಾಡಿನ ಸೀತಾಳೆ ದಂಡೆಯಂಥ ಆರ್ಕಿಡ್‌ಗಳ ಬೇರು ಮಣ್ಣಿನಲ್ಲಿಲ್ಲ, ಮರದ ತೊಗಟೆಯ ಮೇಲಿದೆ. ಮಳೆ, ಮಂಜು, ಗಾಳಿಯ ತೇವವನ್ನೇ ನಂಬಿ ಬದುಕುವ ಇವುಗಳಿಗೆ ಬಿಸಿಲಿನ ದಿನಗಳು ಉದ್ದವಾದರೆ ಸಂಕಟ. ಮೇಲಕ್ಕೇರಲು ಹಾದಿಯೂ ಬಹಳವಿಲ್ಲ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟುವುದಿಲ್ಲ. ಇಷ್ಟರಲ್ಲಿ ಕಾಫಿ ತೋಟಗಳ ಕಾಡುಮರಗಳು ಹೋಗಿ ಸಿಲ್ವರ್ ಓಕ್ ಬಂದಾಗ ಇದ್ದ ಆಸರೆಯೂ ತಪ್ಪುತ್ತದೆ.

ಆದ್ದರಿಂದ ಮುಂದಿನ ಕೆಲಸ ಸ್ಪಷ್ಟ. ಗುರುತಿಸಿದ ಮರಗಳಲ್ಲಿ ವರ್ಷವರ್ಷವೂ ಗಿಡ ಎಣಿಸಬೇಕು, ಹೂ ಬಿಟ್ಟ ದಿನ, ಕಾಯಿ ಕಟ್ಟಿದ ಸಂಖ್ಯೆ ಬರೆದಿಡಬೇಕು. ಆಲ್ಪ್ಸ್‌ನ ಪಾಠ ದಕ್ಕಿದ್ದು ಅಂಥ ಮೂವತ್ತು ವರ್ಷಗಳ ತಾಳ್ಮೆಯಿಂದ. ರಸ್ತೆಬದಿಯ, ತೋಟದ ಹಳೆಯ ಮರಗಳನ್ನು ಉಳಿಸಲು ಮಾತ್ರ ಯಾವ ನಕ್ಷೆಗೂ ಕಾಯಬೇಕಿಲ್ಲ. ಅದನ್ನು ಈ ವರ್ಷವೇ ಶುರು ಮಾಡಬಹುದು.