ಜ್ವರಗಡ್ಡೆಯ ಲೆಕ್ಕ

ಕಾಳೀ ನದಿಯ ದಂಡೆಯ ಸೂಪಾ, ಅದರ ಕೆಳಗೆ ದಾಂಡೇಲಿಯ ಅಡವಿ, ಬಯಲುಸೀಮೆಯತ್ತ ವಾಲಿಕೊಂಡ ಹಳಿಯಾಳ, ಮುಂಡಗೋಡ. ಇವೆಲ್ಲ ಮುಂಬಯಿ ಸರ್ಕಾರದ ಕೆನರಾ ಜಿಲ್ಲೆಗೆ ಸೇರಿದ್ದ ಕಾಲವದು. ಸಾಗವಾನಿಗೂ ಬಿದಿರಿಗೂ ಕೊರತೆಯಿಲ್ಲದ ಈ ಸೀಮೆಯಲ್ಲಿ ಕೊರತೆಯಿದ್ದದ್ದು ಮನುಷ್ಯರದು. ಇಲ್ಲಿಗೆ ವರ್ಗವಾಯಿತೆಂದರೆ ಸರ್ಕಾರಿ ನೌಕರನ ಮುಖ ಬಾಡುತ್ತಿತ್ತು. ಚಳಿಜ್ವರ ಬಂದರೆ ಜನ ನೀರನ್ನು ದೂರುತ್ತಿದ್ದರು: ಎಲೆ ಕೊಳೆತ ನೀರು, ಮೈಗೆ ಒಗ್ಗಲಿಲ್ಲ, ಎಂದು.

ಜನರ ಮಾತು ಪೂರ್ತಿ ಸುಳ್ಳೂ ಅಲ್ಲ. 1897ರ ಆಗಸ್ಟ್‌ನಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಾಣುವನ್ನು ಕಂಡ. ಕೆನರಾದ ಮಟ್ಟಿಗೆ ಮುಖ್ಯ ಅಪರಾಧಿ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ. ಅದಕ್ಕೆ ಕೊಚ್ಚೆ ಬೇಡ. ಮಳೆ ಹಿಂದೆ ಸರಿದು ಹಳ್ಳದ ನೀರು ತಿಳಿಯಾಗಿ, ಅಂಚಿನ ಹುಲ್ಲನ್ನು ಸವರಿಕೊಂಡು ಮೆಲ್ಲಗೆ ಹರಿಯತೊಡಗಿದರೆ ಅಲ್ಲೇ ಅದರ ತೊಟ್ಟಿಲು. ದೋಷ ನೀರಿನದೇ, ಆದರೆ ಕುಡಿದ ನೀರಿನದಲ್ಲ.

ಆ ಕಾಲದ ವೈದ್ಯರಿಗೆ ರೋಗದ ಲೆಕ್ಕ ಸಿಗುತ್ತಿದ್ದದ್ದು ಮಕ್ಕಳ ಹೊಟ್ಟೆಯಲ್ಲಿ. ಹುಡುಗನೊಬ್ಬನನ್ನು ಎದುರಿಗೆ ನಿಲ್ಲಿಸಿ, ಅಂಗಿ ಎತ್ತಿಸಿ, ಎಡ ಪಕ್ಕೆಲುಬಿನ ಕೆಳಗೆ ಬೆರಳೂರಿ, ಉಸಿರೆಳೆದುಕೋ ಎನ್ನುವರು. ಒಳಗಿನ ಜ್ವರಗಡ್ಡೆ, ಎಂದರೆ ಜ್ವರದಿಂದ ಊದಿದ ಗುಲ್ಮ, ಬೆರಳ ತುದಿಗೆ ಬಂದು ತಾಗುವುದು. ಎರಡು ಬೆರಳು, ಮೂರು ಬೆರಳು ಎಂದು ಅಳೆದು ಬರೆದುಕೊಳ್ಳುವರು. ಊರಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಗಡ್ಡೆ ತಾಗಿದರೆ ಅಲ್ಲಿ ಜ್ವರ ಬಲವಾಗಿ ಬೇರೂರಿದೆ ಎಂದೇ ಅರ್ಥ. ರಕ್ತದ ಗಾಜಿನ ಪಟ್ಟಿ ಹಳ್ಳಿಹಳ್ಳಿಗೆ ತಲುಪುವ ಮೊದಲು ಸಾರ್ವಜನಿಕ ಆರೋಗ್ಯದ ಅಂಕಿಅಂಶವೆಂದರೆ ಬಹುಪಾಲು ಇದೇ.

ಮದ್ದು ಇರಲಿಲ್ಲವೆಂದಲ್ಲ, ಕ್ವಿನೈನ್ ಇತ್ತು. ಆದರೆ ಕಹಿ; ನುಂಗಿದವನ ಕಿವಿ ಗುಯ್‌ಗುಟ್ಟುತ್ತಿತ್ತು; ಜ್ವರ ಬಿಟ್ಟ ಮರುದಿನ ಮಾತ್ರೆಯೂ ಬಿಟ್ಟುಹೋಗುತ್ತಿತ್ತು. ಹಾಗೆ ಮಾತ್ರೆ ಬಿಟ್ಟವರನ್ನು ಅಜ್ಞಾನಿಗಳೆಂದು ಕರೆದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಮೈ ನೆಟ್ಟಗಿರುವಾಗ ದಿನವೂ ಕಹಿ ನುಂಗುವ ಶಿಸ್ತು ಇಂದಿನ ನಮ್ಮಲ್ಲೂ ಎಷ್ಟು ಮಂದಿಗಿದೆ?

1946ರಲ್ಲಿ ದಾರಿ ಬದಲಾಯಿತು. ಮುಂಬಯಿ ಪ್ರಾಂತ್ಯದ ಮಲೇರಿಯಾ ಸಂಘಟನೆಯ ಡಾ. ಡಿ.ಕೆ. ವಿಶ್ವನಾಥನ್ ಮತ್ತು ಕೀಟತಜ್ಞ ಟಿ. ರಾಮಚಂದ್ರ ರಾವ್ ಕೆನರಾ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯೊಳಗಿನ ಗೋಡೆಗಳಿಗೆ ಡಿಡಿಟಿ ಹೊಡೆಸಿದರು. ಸೊಳ್ಳೆ ರಕ್ತ ಕುಡಿದು ಗೋಡೆಯ ಮೇಲೆ ಕೂತರೆ ಅಲ್ಲೇ ಅದರ ಕೊನೆ. ದೇಶದಲ್ಲಿ ಇಷ್ಟು ವಿಸ್ತಾರವಾಗಿ ಗ್ರಾಮಾಂತರದಲ್ಲಿ ನಡೆದ ಮೊದಮೊದಲ ಪ್ರಯೋಗಗಳಲ್ಲಿ ಇದೊಂದು. ಮೊದಲ ವರ್ಷದ ಫಲಿತಾಂಶವನ್ನು ಅವರು 1947ರಲ್ಲೇ ಪ್ರಕಟಿಸಿದರು. ಇಂಥ ಪ್ರಯೋಗಗಳ ಬಲದ ಮೇಲೆ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಎದ್ದು ನಿಂತಿತು.

ಕ್ವಿನೈನ್ ಬೇಡಿದ್ದು ನಿತ್ಯದ ವ್ರತ. ಡಿಡಿಟಿ ಬೇಡಿದ್ದು ಒಂದು ದಿನದ ಗಲಿಬಿಲಿ. ಮಡಕೆ, ಕಾಳು, ಹಾಸಿಗೆ ಎಲ್ಲವನ್ನೂ ಅಂಗಳಕ್ಕೆ ಸಾಗಿಸಬೇಕು. ಅಪರಿಚಿತನೊಬ್ಬ ಪಂಪು ಹಿಡಿದು ಅಡುಗೆಮನೆಗೂ ದೇವರ ಕೋಣೆಗೂ ಕಾಲಿಡಬೇಕು. ಬೇಡವೆನ್ನುವ ಹಕ್ಕು ಮನೆಯವನಿಗಿಲ್ಲವೇ? ಆದರೆ ಅವನ ಗೋಡೆಯ ಮೇಲೆ ಬದುಕುಳಿದ ಸೊಳ್ಳೆ ಕಚ್ಚುವುದು ನೆರೆಮನೆಯ ಕೂಸನ್ನು. ಈ ಗಂಟು ಇಂದಿಗೂ ಬಿಚ್ಚಿಲ್ಲ. ತಿಗಣೆಯೂ ಸತ್ತಾಗ ಹಿಗ್ಗಿದ ಜನ, ತಿಗಣೆ ಮದ್ದಿಗೆ ಒಗ್ಗಿಕೊಂಡಾಗ ಹಲವೆಡೆ ಪಂಪಿನವನಿಗೆ ಬಾಗಿಲು ಹಾಕಿದರು. ಹಬ್ಬಕ್ಕೆ ಗೋಡೆ ಸಾರಿಸಿದರಂತೂ ಸೆಗಣಿಯಡಿ ಮದ್ದು ಮುಚ್ಚಿಹೋಗುತ್ತಿತ್ತು.

ಜ್ವರ ಹಿಮ್ಮೆಟ್ಟಿದ ಕಾಡಿಗೆ ಜನ ಬಂದರು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆ ದಾಂಡೇಲಿಯಲ್ಲಿ ನೆಲೆಯೂರಿತು. 1966ರಲ್ಲಿ ಮುಂಡಗೋಡದ ಬಳಿ ಟಿಬೆಟಿಯನ್ನರ ಬಿಡಾರ ನೆಲೆಗೊಂಡಿತು. ಅಣೆಕಟ್ಟು ಎದ್ದಾಗ ಸೂಪಾ ಊರೇ ನೀರಿನಡಿ ಸೇರಿ, ಜೋಯಿಡಾ ತಾಲ್ಲೂಕು ಕೇಂದ್ರವಾಯಿತು. ಜ್ವರಕ್ಕೆ ಅಂಜದೆ, ಅಂಜಿ ಓಡಲು ಬೇರೆ ಊರೂ ಇಲ್ಲದೆ, ತಲೆಮಾರುಗಳಿಂದ ಇಲ್ಲೇ ಇದ್ದ ಸಿದ್ದಿಗಳು, ಕುಣಬಿಗಳು, ಗೌಳಿಗರು ಈ ಏಳಿಗೆಯಲ್ಲಿ ಪಡೆದ ಪಾಲು ಸಣ್ಣದು.

1958ರಲ್ಲಿ ರಾಷ್ಟ್ರೀಯ ಕಾರ್ಯಕ್ರಮಕ್ಕೆ ನಿಯಂತ್ರಣ ಹೋಗಿ ನಿರ್ಮೂಲನೆ ಎಂಬ ಹೆಸರು ಬಂತು. ಹದಿನೈದು ದಿನಕ್ಕೊಮ್ಮೆ ಕಾರ್ಯಕರ್ತ ಬಾಗಿಲಿಗೆ ಬಂದು, ಜ್ವರದವರಿದ್ದಾರೆಯೇ ಎಂದು ವಿಚಾರಿಸಿ, ಇದ್ದರೆ ಬೆರಳು ಚುಚ್ಚಿ ರಕ್ತದ ಹನಿ ತೆಗೆದುಕೊಂಡು, ಗೋಡೆಯ ಮೇಲಿನ ಚೌಕದಲ್ಲಿ ತಾರೀಖು ಬರೆದು ಹೋಗುವ ಪದ್ಧತಿ. ದೇಶದಲ್ಲಿ ತೀರ ಇಳಿದಿದ್ದ ಮಲೇರಿಯಾ 1976ರಲ್ಲಿ 64 ಲಕ್ಷ ಪ್ರಕರಣಗಳೊಂದಿಗೆ ಮರಳಿತು. ಗೋಡೆಯ ಚೌಕಗಳಿಗೆ ಮತ್ತೆ ತಾರೀಖು ಬರೆಯುವ ಕೆಲಸ ಬಿತ್ತು.