ಬೂವನಹಳ್ಳಿಯ ರನ್‌ವೇ



ನೀವು ಹಾಸನ, ಹೊಳೆನರಸೀಪುರ, ಅರಕಲಗೂಡು ಅಥವಾ ಚನ್ನರಾಯಪಟ್ಟಣದ ಕಡೆಯವರಾಗಿದ್ದರೆ, 'ನಮ್ಮೂರಿಗೆ ವಿಮಾನ ಬರುತ್ತದಂತೆ' ಎಂಬ ಮಾತನ್ನು ಮನೆಯಲ್ಲಿ ಒಮ್ಮೆಯಾದರೂ ಕೇಳಿರುತ್ತೀರಿ. ಬಹುಶಃ ನಿಮ್ಮ ತಂದೆತಾಯಿಯರೂ ಅದನ್ನು ಕೇಳುತ್ತಲೇ ಬೆಳೆದರು. ಹಾಸನ ನಗರಕ್ಕೆ ಹತ್ತಿರದ ಬೂವನಹಳ್ಳಿಯಲ್ಲಿ ಒಂದು ಚಿಕ್ಕ ವಿಮಾನ ನಿಲ್ದಾಣ ಕಟ್ಟುವ ಯೋಜನೆ ಅಷ್ಟು ಹಳೆಯದು. ಅದು ಯಾಕೆ ಇಷ್ಟು ತಡವಾಯಿತು, ಅದಕ್ಕೆ ಏನೇನು ಬೇಕು, ಅದಕ್ಕಾಗಿ ಯಾರು ಏನು ಕೊಡಬೇಕಾಯಿತು ಎಂಬುದನ್ನು ಇಲ್ಲಿ ನೋಡೋಣ.

ಆಕಾಶಕ್ಕೂ ಹಾಸನಕ್ಕೂ ನಂಟು ಹೊಸದೇನಲ್ಲ. 1982ರಲ್ಲಿ ಇಲ್ಲಿ ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರ ಆರಂಭವಾಯಿತು. ನೆಲದಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಇನ್ಸಾಟ್ ಉಪಗ್ರಹಗಳಿಗೆ ಆದೇಶ ಹೋಗುವುದು ಇಲ್ಲಿಂದ. ನಿಮ್ಮ ಮನೆಯ ಟೆಲಿವಿಷನ್ ಪರದೆಯ ಮೇಲೆ ಚಿತ್ರ ಮೂಡುವುದರ ಹಿಂದೆ ಹಾಸನದ ಆ ದೊಡ್ಡ ದೊಡ್ಡ ಆಂಟೆನಾಗಳ ದುಡಿಮೆಯೂ ಇದೆ. ಅದಕ್ಕೆ ಒಂದು ವರ್ಷ ಮೊದಲು, 1981ರಲ್ಲಿ, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕ ನಡೆದಾಗ ಪ್ರಧಾನಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಹೂಮಳೆಗರೆದರು. ಹೆಲಿಕಾಪ್ಟರಿಗೆ ಒಂದು ಬಯಲು ಇದ್ದರೆ ಸಾಕು. ವಿಮಾನದ ಮಾತು ಬೇರೆ. ಅದು ಏರುವುದಕ್ಕೂ ಇಳಿಯುವುದಕ್ಕೂ ಉದ್ದನೆಯ ನೆಲವನ್ನು ಕೇಳುತ್ತದೆ.

ನೆಲ ಕೊಡುವುದು ಎಂದರೇನೆಂದು ಈ ಜಿಲ್ಲೆಗೆ ಮೊದಲೇ ಗೊತ್ತಿತ್ತು. 1979ರಲ್ಲಿ ಗೊರೂರಿನ ಬಳಿ ಹೇಮಾವತಿ ಅಣೆಕಟ್ಟು ಪೂರ್ಣಗೊಂಡಾಗ ಹಳ್ಳಿಗಳೂ ಹೊಲಗಳೂ ನೀರಿನಡಿಗೆ ಸೇರಿದವು. ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಅರೆ ಮುಳುಗಿ ಬೇಸಿಗೆಯಲ್ಲಿ ಮೇಲೇಳುವುದನ್ನು ನೀವು ನೋಡಿರಬಹುದು. ಹೀಗೆ ಜಮೀನು ಕಳೆದುಕೊಂಡ ಕುಟುಂಬಗಳಲ್ಲಿ ಗೊರೂರಿನ ಒಂದು ಕುಟುಂಬವೂ ಇತ್ತು. ಆ ಮನೆಯ ಮಗ ಸೈನ್ಯದ ಕೆಲಸ ಬಿಟ್ಟು ಬಂದು, ಪರಿಹಾರವಾಗಿ ಸಿಕ್ಕ ಜಾವಗಲ್ ಕಡೆಯ ಬಂಜರು ನೆಲದಲ್ಲಿ ಬೇಸಾಯ ಮಾಡಿದರು. 1997ರಲ್ಲಿ ಹೆಲಿಕಾಪ್ಟರ್ ಸೇವೆ, 2003ರಲ್ಲಿ ಏರ್ ಡೆಕ್ಕನ್ ಎಂಬ ಅಗ್ಗದ ದರದ ವಿಮಾನ ಸಂಸ್ಥೆ ಆರಂಭಿಸಿದರು. ಅವರೇ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಬಸ್ಸು, ರೈಲು ಹತ್ತುತ್ತಿದ್ದ ಎಷ್ಟೋ ಮಂದಿ ಮೊದಲ ಸಲ ವಿಮಾನ ಹತ್ತಿದ್ದು ಅವರ ಎಟಿಆರ್ ವಿಮಾನಗಳಲ್ಲಿ. ಹುಬ್ಬಳ್ಳಿಯಂಥ ಊರಿಗೆ ಅವರ ವಿಮಾನ ಹೋಯಿತು. ತವರು ಜಿಲ್ಲೆಗೆ ಬರಲಾಗಲಿಲ್ಲ. ಇಳಿಯಲು ಇಲ್ಲಿ ರನ್‌ವೇ ಇರಲಿಲ್ಲ.

ರನ್‌ವೇ ಎಷ್ಟು ಉದ್ದ ಇರಬೇಕು? ಇದು ರಾಜಕಾರಣಿಗಳು ಭಾಷಣದಲ್ಲಿ ತೀರ್ಮಾನಿಸುವ ವಿಷಯ ಎಂದು ನಾವು ಭಾವಿಸುತ್ತೇವೆ. ಆದರೆ ಮೊದಲ ಮಾತು ಭೌತಶಾಸ್ತ್ರದ್ದು. ಹಾಸನ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ತೆಳುಗಾಳಿಯಲ್ಲಿ ರೆಕ್ಕೆಗೆ ಸಿಗುವ ಎತ್ತುಬಲ ಕಡಿಮೆ, ಎಂಜಿನ್ನಿನ ಶಕ್ತಿಯೂ ಕಡಿಮೆ. ಹಾಗಾಗಿ ವಿಮಾನ ಹೆಚ್ಚು ವೇಗ ಪಡೆಯಬೇಕು, ಹೆಚ್ಚು ದೂರ ಓಡಬೇಕು. ಪ್ರತಿ 300 ಮೀಟರ್ ಎತ್ತರಕ್ಕೆ ರನ್‌ವೇಯ ಉದ್ದವನ್ನು ಶೇಕಡಾ 7ರಷ್ಟು ಹೆಚ್ಚಿಸಬೇಕೆಂಬುದು ಎಂಜಿನಿಯರುಗಳ ಸರಳ ಲೆಕ್ಕ. ಬಿಸಿಲು ಹೆಚ್ಚಿದರೆ ಇನ್ನೂ ಸ್ವಲ್ಪ ಸೇರಿಸಬೇಕು.

ಪೆನ್ಸಿಲ್ ತೆಗೆದುಕೊಳ್ಳಿ. ಮಂಗಳೂರಿನ ಕಡಲ ತೀರದಲ್ಲಿ 1500 ಮೀಟರ್ ರನ್‌ವೇ ಸಾಕಾಗುವ ಒಂದು ವಿಮಾನವನ್ನು ಊಹಿಸಿಕೊಳ್ಳಿ. 950ನ್ನು 300ರಿಂದ ಭಾಗಿಸಿ 7ರಿಂದ ಗುಣಿಸಿದರೆ ಹತ್ತಿರ ಹತ್ತಿರ 22 ಬರುತ್ತದೆ. ಅಂದರೆ ಅದೇ ವಿಮಾನಕ್ಕೆ ಹಾಸನದಲ್ಲಿ 1830 ಮೀಟರ್ ಬೇಕು. 330 ಮೀಟರ್ ಹೆಚ್ಚು. ರನ್‌ವೇ ಎಂದರೆ ಬರೀ ಡಾಂಬರಿನ ಪಟ್ಟಿಯೂ ಅಲ್ಲ. ವಿಮಾನ ಅಕಸ್ಮಾತ್ ಪಕ್ಕಕ್ಕೆ ಜಾರಿದರೂ ಅಪಾಯವಾಗದಂತೆ ಎರಡೂ ಬದಿಯಲ್ಲಿ ನೆಲವನ್ನು ಸಮತಟ್ಟಾಗಿ ಖಾಲಿ ಬಿಡಬೇಕು. ಉಪಕರಣಗಳ ನೆರವಿನಿಂದ ವಿಮಾನ ಇಳಿಯುವ ರನ್‌ವೇಗೆ ಈ ಪಟ್ಟಿಯ ಅಗಲ ಒಟ್ಟು 280 ಮೀಟರ್. ಈಗ 330ನ್ನು 280ರಿಂದ ಗುಣಿಸಿ ಎಕರೆಗೆ ಪರಿವರ್ತಿಸಿ. ಸುಮಾರು 23 ಎಕರೆ! ಕೇವಲ ಊರು ಎತ್ತರದಲ್ಲಿದೆ ಎಂಬ ಕಾರಣಕ್ಕೆ ಇಷ್ಟು ಹೊಲ ಹೆಚ್ಚಿಗೆ ಹೋಗುತ್ತದೆ. ಎರಡೆಕರೆಯ ಹಿಡುವಳಿದಾರರು ಎಷ್ಟು ಮಂದಿ ಇದರಲ್ಲಿ ಸೇರುತ್ತಾರೆಂದು ನೀವೇ ಎಣಿಸಿ. ಮುಂಗಾರು ಬಿದ್ದೊಡನೆ ಆಲೂಗಡ್ಡೆ ಬಿತ್ತುವ ನೆಲ ಈ ಜಿಲ್ಲೆಯದು ಎಂಬುದನ್ನೂ ಮರೆಯಬೇಡಿ.

ಲೆಕ್ಕ ಬೇಲಿಯೊಳಗೇ ಮುಗಿಯುವುದಿಲ್ಲ. ಇಳಿಯುವ ವಿಮಾನ ಇಳಿಜಾರಿನಲ್ಲಿ ಬರುತ್ತದೆ. ಆ ದಾರಿಯಲ್ಲಿ 50 ಮೀಟರ್ ದೂರಕ್ಕೆ ಒಂದು ಮೀಟರಿನಂತೆ ಏರುವ ಒಂದು ಅಗೋಚರ ಚಪ್ಪರವಿದೆ ಎಂದುಕೊಳ್ಳಿ. ಯಾವುದೂ ಅದನ್ನು ದಾಟಿ ಮೇಲೇಳಬಾರದು. ರನ್‌ವೇ ತುದಿಯಿಂದ ಒಂದು ಕಿಲೋಮೀಟರ್ ದೂರದಲ್ಲೂ ಈ ಚಪ್ಪರದ ಎತ್ತರ ಇಪ್ಪತ್ತು ಮೀಟರಿಗಿಂತ ಹೆಚ್ಚಿಲ್ಲ. ಚೆನ್ನಾಗಿ ಬೆಳೆದ ತೆಂಗಿನ ಮರ ಅಷ್ಟು ಎತ್ತರಕ್ಕೆ ಹೋಗುತ್ತದೆ. ವಿದ್ಯುತ್ ಗೋಪುರಗಳದ್ದೂ ಅದೇ ಕಥೆ. ಕೆರೆಗಳಿದ್ದ ಕಡೆ ಕೊಕ್ಕರೆಗಳಿರುತ್ತವೆ, ಅವು ಎಂಜಿನ್ನಿಗೆ ಶತ್ರು. ನಿಲ್ದಾಣಕ್ಕೆ ಜಾಗ ಹುಡುಕುವವರು ಇಷ್ಟನ್ನೂ ನೋಡಬೇಕು.

ಇನ್ನು ಇತಿಹಾಸಕ್ಕೆ ಬರೋಣ. ಮೈಸೂರು ಸಂಸ್ಥಾನದ ಕಾಲದಲ್ಲಿ, 1940ರಲ್ಲಿ, ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಹುಟ್ಟಿತು. ಮೈಸೂರಿನ ಮಂಡಕಳ್ಳಿಯ ವಿಮಾನ ನಿಲ್ದಾಣವೂ ಸಂಸ್ಥಾನದ ಕಾಲದ್ದೇ. ಹಾಸನಕ್ಕೆ ಆ ಭಾಗ್ಯ ಬರಲಿಲ್ಲ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು 1996ರ ಜೂನ್‌ನಲ್ಲಿ ಪ್ರಧಾನಿಯಾದರು. ಆ ಹೊತ್ತಿಗೂ ಜಿಲ್ಲೆಗೆ ವಿಮಾನ ನಿಲ್ದಾಣವಿರಲಿಲ್ಲ.

2004ರಲ್ಲಿ ದೇವನಹಳ್ಳಿಯ ಹೊಸ ನಿಲ್ದಾಣಕ್ಕಾಗಿ ಕೇಂದ್ರ ಸರ್ಕಾರವೂ ಅದನ್ನು ಕಟ್ಟುವ ಸಂಸ್ಥೆಯೂ ಒಪ್ಪಂದ ಮಾಡಿಕೊಂಡವು. ಆ ನಿಲ್ದಾಣ ಆರಂಭವಾದ ಮೇಲೆ 25 ವರ್ಷ ತುಂಬುವವರೆಗೆ ಅದರ 150 ಕಿಲೋಮೀಟರ್ ಆಸುಪಾಸಿನಲ್ಲಿ ಸ್ಪರ್ಧೆಯ ನಿಲ್ದಾಣ ಬರಬಾರದು ಎಂಬ ಷರತ್ತು ಅದರಲ್ಲಿತ್ತು. ಎರಡು ಊರುಗಳಿಗೆ ಮಾತ್ರ ವಿನಾಯಿತಿ: ಮೈಸೂರು ಮತ್ತು ಹಾಸನ. ದೇವನಹಳ್ಳಿ ನಿಲ್ದಾಣ 2008ರ ಮೇ ತಿಂಗಳಲ್ಲಿ ಆರಂಭವಾಯಿತು. ಅಂದರೆ ಷರತ್ತಿನ ಅವಧಿ 2033ರವರೆಗೆ. ಒಂದು ಇಟ್ಟಿಗೆಯೂ ಇಡದಿದ್ದ ಹಾಸನದ ನಿಲ್ದಾಣ ಕಾಗದದ ಮೇಲೆ ಇಷ್ಟು ಭದ್ರವಾಗಿ ಕುಳಿತಿತ್ತು!

2007ರಲ್ಲಿ ಬೂವನಹಳ್ಳಿಯಲ್ಲಿ ಶಂಕುಸ್ಥಾಪನೆ ಆಯಿತು. ಖಾಸಗಿ ಸಂಸ್ಥೆಯ ಪಾಲುದಾರಿಕೆಯಲ್ಲಿ ನಿಲ್ದಾಣ ಕಟ್ಟುವ ಯೋಚನೆ ಇತ್ತು. ಮರುವರ್ಷವೇ ಪ್ರಪಂಚದಾದ್ಯಂತ ಹಣಕಾಸಿನ ಬಿಕ್ಕಟ್ಟು, ಕೆಲಸ ನಿಂತುಹೋಯಿತು. ಹತ್ತು ವರ್ಷಕ್ಕೂ ಮಿಕ್ಕಿ ಏನೂ ನಡೆಯಲಿಲ್ಲ. ಈ ನಡುವೆ 2017ರಲ್ಲಿ ಕೇಂದ್ರದ ಉಡಾನ್ ಯೋಜನೆಯ ವಿಮಾನಗಳು ಹಾರತೊಡಗಿ ಚಿಕ್ಕ ಊರುಗಳಿಗೆ ಮತ್ತೆ ಆಸೆ ಹುಟ್ಟಿತು. ಕಲಬುರಗಿಗೆ 2019ರಲ್ಲಿ, ಶಿವಮೊಗ್ಗಕ್ಕೆ 2023ರಲ್ಲಿ ನಿಲ್ದಾಣ ಬಂತು. ಹಾಸನಕ್ಕೆ 2021ರಲ್ಲಿ ರಾಜ್ಯ ಸರ್ಕಾರ ಸುಮಾರು 193 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟು ಕೆಲಸ ಮತ್ತೆ ಹಿಡಿಯಿತು. ಮೊದಲು ಹೇಳಿದ್ದಕ್ಕಿಂತ ಇದು ಚಿಕ್ಕದಾಯಿತು ಎಂಬ ಅಸಮಾಧಾನವೂ ಕೇಳಿಬಂತು. ಸುಮಾರು 70 ಆಸನದ, ಪ್ರೊಪೆಲ್ಲರ್ ಇರುವ ಎಟಿಆರ್ ವಿಮಾನಕ್ಕೆ ಸಾಕೋ, ಏರ್‌ಬಸ್ ಇಳಿಯಬೇಕೋ ಎಂಬ ಚರ್ಚೆ ಮೇಲ್ನೋಟಕ್ಕೆ ಪ್ರತಿಷ್ಠೆಯದು. ಒಳಗೆ ನೋಡಿದರೆ ಅದು ಎಕರೆಗಳ ಚರ್ಚೆ.

ಇಂಥ ಚಿಕ್ಕ ನಿಲ್ದಾಣದಲ್ಲಿ ಏನೇನಿರುತ್ತದೆ? ರನ್‌ವೇ, ವಿಮಾನ ನಿಲ್ಲುವ ಏಪ್ರನ್, ಇವೆರಡನ್ನೂ ಕೂಡಿಸುವ ಟ್ಯಾಕ್ಸಿವೇ, ಒಂದು ಟರ್ಮಿನಲ್ ಕಟ್ಟಡ, ನಿಯಂತ್ರಣ ಗೋಪುರ, ಅಗ್ನಿಶಾಮಕ ವಾಹನ, ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ. ರನ್‌ವೇಯ ಎರಡು ತುದಿಯಲ್ಲೂ ದೊಡ್ಡದಾಗಿ ಸಂಖ್ಯೆ ಬರೆದಿರುತ್ತಾರೆ. ದಿಕ್ಸೂಚಿಯ ಡಿಗ್ರಿಯನ್ನು ಹತ್ತರಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಪಶ್ಚಿಮಕ್ಕೆ ಮುಖಮಾಡಿ ಇಳಿಯುವ ತುದಿಯಲ್ಲಿ 27 ಎಂದಿರುತ್ತದೆ. ವಿಮಾನ ಗಾಳಿಗೆ ಎದುರಾಗಿಯೇ ಏರಬೇಕು, ಎದುರಾಗಿಯೇ ಇಳಿಯಬೇಕು. ನಮ್ಮ ಕಡೆ ಮುಂಗಾರಿನ ಗಾಳಿ ಪಡುವಣದಿಂದ ಬೀಸುವುದು ನಿಮಗೆ ಗೊತ್ತೇ ಇದೆ.

ವಿಮಾನ ಹತ್ತುವವರು ಸಿಗುತ್ತಾರೆಯೇ ಎಂಬುದು ಬೇರೆ ಪ್ರಶ್ನೆ, ಅದನ್ನು ಮುಚ್ಚಿಡಬಾರದು. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರ್. ಒಳ್ಳೆಯ ಹೆದ್ದಾರಿ ಇದೆ; 2017ರಿಂದ ಶ್ರವಣಬೆಳಗೊಳದ ಮೇಲೆ ನೇರ ರೈಲೂ ಇದೆ. ಅಷ್ಟು ದೂರಕ್ಕೆ ಯಾರೂ ವಿಮಾನ ಹತ್ತಲಾರರು. ಮುಂಬಯಿಗೋ ದೆಹಲಿಗೋ ಹೊರಟವರಿಗೆ, ಬೆಂಗಳೂರನ್ನು ದಾಟಿ ದೇವನಹಳ್ಳಿ ತಲುಪುವ ಪಾಡು ತಪ್ಪಬಹುದು. ಆಲೂಗಡ್ಡೆಯಂತೂ ಲಾರಿಯಲ್ಲೇ ಹೋಗಬೇಕು. ಅದರ ಬೆಲೆ ವಿಮಾನದ ಬಾಡಿಗೆಯನ್ನು ತಡೆಯುವುದಿಲ್ಲ.

ಜಮೀನಿನ ವಿಷಯ ಒಂದು ಉಳಿದಿದೆ. ಶಂಕುಸ್ಥಾಪನೆಯಾದಾಗ ದೇಶದಲ್ಲಿ ಭೂಸ್ವಾಧೀನಕ್ಕಿದ್ದ ಮುಖ್ಯ ಕಾಯಿದೆ ಬ್ರಿಟಿಷರ ಕಾಲದ್ದು, 1894ರದು. 2013ರ ಹೊಸ ಕಾಯಿದೆ 2014ರ ಜನವರಿಯಿಂದ ಜಾರಿಗೆ ಬಂತು. ಗ್ರಾಮಾಂತರದಲ್ಲಿ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೆ ಪರಿಹಾರಕ್ಕೆ ಅದರಲ್ಲಿ ಅವಕಾಶವಿದೆ. ಅದೇ ನಿಲ್ದಾಣಕ್ಕೆ ಮೊದಲು ನೆಲ ಕೊಟ್ಟವರಿಗೂ ಆಮೇಲೆ ಕೊಟ್ಟವರಿಗೂ ಸಿಗುವ ಹಣದಲ್ಲಿ ಎಷ್ಟು ಅಂತರ ಇರಬಹುದೆಂದು ಯೋಚಿಸಿ. ಆ ಕಡೆಯ ಹಳ್ಳಿಗಳಲ್ಲಿ ನಿಮಗೆ ನೆಂಟರಿದ್ದರೆ, ಮುಂದಿನ ರಜೆಯಲ್ಲಿ ಹೋದಾಗ ಹಿರಿಯರನ್ನು ಕೇಳಿ: ಯಾವ ಸರ್ವೆ ನಂಬರಿನ ಹೊಲ, ಎಷ್ಟು ಎಕರೆ, ಯಾವ ವರ್ಷ, ಎಷ್ಟು ಪರಿಹಾರ, ಆ ಹಣದಲ್ಲಿ ಬೇರೆ ಜಮೀನು ಸಿಕ್ಕಿತೇ? ಉತ್ತರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ.